ಡಬ್ಬಿಗೆ ಹಾಕಿಸಿಕೊಂಡ ಊಟ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಮ್ಮ ಭದ್ರಾವತಿಯ ಒಂದೇ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಪಾತ್ರೆ ತೊಳೆದು, ಬಟ್ಟೆ ಒಗೆಯುತ್ತಿದ್ದಳು. ಇದನ್ನು ಮಾತ್ರ ಶಿವಮೊಗ್ಗದಲ್ಲಿ ಎಂ.ಎ. ಓದುವಾಗ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ, ಅಪ್ಪ ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿದ್ದಾರೆ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ.

ಇಂಗ್ಲಿಷ್‌ನಲ್ಲಿ ಬರೆಯುವ ನಮ್ಮ ದೇಶದವರ ಕಾದಂಬರಿಗಳಲ್ಲಿ ಕುಟುಂಬ ಹೇಗೆ ಬರುತ್ತದೆ ಎಂಬುದು ನನ್ನ ಸೆಮಿನಾರಿನ ವಿಷಯ. ನಾನು ಆರಿಸಿಕೊಂಡ ಕಾದಂಬರಿಯಲ್ಲಿ ಒಂದು ದೊಡ್ಡ ಮನೆ, ಅಲ್ಲೊಬ್ಬಳು ಕೆಲಸದಾಕೆ. ಎಷ್ಟು ಬಲವಂತ ಮಾಡಿದರೂ ಅವಳು ಅಲ್ಲಿ ಕೂತು ಊಟ ಮಾಡುವುದಿಲ್ಲ, ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಾಳೆ. ಯಜಮಾನಿಯ ಮೇಲಿನ ಪ್ರೀತಿ, ಗೌರವದಿಂದ ಹಾಗೆ, ಅವಳೂ ಆ ಮನೆಯವಳೇ ಎಂದು ಮೂರು ಪುಟ ಬರೆದಿದ್ದೆ.

ಸೆಮಿನಾರಿನ ಹಿಂದಿನ ದಿನ ಸಂಜೆ ಅಮ್ಮ ಅವರೆಕಾಯಿ ಬಿಡಿಸುತ್ತಾ, ಅದೇನು ಬರೆದಿದ್ದೀಯ ಎಂದು ಕೇಳಿದಳು. ಕನ್ನಡದಲ್ಲಿ ಕಥೆ ಹೇಳಿದೆ. ಆ ಭಾಗ ಬಂದಾಗ ನಕ್ಕಳು.

"ಪ್ರೀತಿನೂ ಇಲ್ಲ, ಎಂಥದೂ ಇಲ್ಲ. ಅಲ್ಲೇ ಉಂಡ್ಬಿಟ್ರೆ ಮನೆಗೆ ಬೇರೆ ಹಾಕಿ ಕೊಡ್ತಾರಾ ಮಾರಾಯ್ತಿ? ಒಬ್ರ ಪಾಲು ಅಂದ್ರೆ ಒಬ್ರದ್ದೇ. ಅವಳಿಗೂ ಮಕ್ಳಿರ್ತವೆ."

ಹಬ್ಬದ ದಿನ ಅಮ್ಮ ತರುತ್ತಿದ್ದ ಡಬ್ಬಿಯಲ್ಲಿ ಹೋಳಿಗೆಗೆ ಚಿತ್ರಾನ್ನ ಅಂಟಿಕೊಂಡಿರುತ್ತಿತ್ತು. ತಾನು ಅಲ್ಲೇ ಉಂಡು ಬಂದೆ ಎನ್ನುತ್ತಿದ್ದಳು. ನಾನೂ ತಮ್ಮನೂ ಪೂರ್ತಿ ತಿಂದು ಮುಗಿಸುತ್ತಿದ್ದೆವು. ಅವಳು ಉಂಡಿರಲಿಲ್ಲ ಎಂದು ನನಗೆ ತಿಳಿದದ್ದು ಆ ಸಂಜೆ. ಕಾದಂಬರಿ ಬರೆದವರನ್ನು ಬೈಯುವುದು ಸುಲಭ. ಅವರು ಊಟ ಬಡಿಸುವವರ ಕಡೆಯಿಂದ ನೋಡಿದ್ದರು. ಆ ಡಬ್ಬಿಯ ಊಟ ಉಂಡ ನಾನೂ ಅಲ್ಲೇ ನಿಂತು ನೋಡಿದ್ದೆನಲ್ಲ.

ಮೂರೂ ಪುಟ ತೆಗೆದುಹಾಕಿದೆ. ಆ ಕೆಲಸದಾಕೆಗೂ ಒಂದು ಕುಟುಂಬವಿದೆ, ಅವಳು ಊಟ ಉಳಿಸುವುದು ಅದಕ್ಕಾಗಿ, ಅದನ್ನು ಈ ಪುಸ್ತಕ ಕೇಳಿಯೇ ಇಲ್ಲ ಎಂದು ಮರುದಿನ ಕ್ಲಾಸಿನಲ್ಲಿ ಓದಿದೆ. ಇದಕ್ಕೆ ಆಧಾರ ಏನು ಎಂದು ಮೇಡಂ ಕೇಳಿದರು. ಪುಸ್ತಕದಲ್ಲಿ ಆಧಾರವಿರಲಿಲ್ಲ. ನಮ್ಮಮ್ಮ ಮನೆಗೆಲಸ ಮಾಡುತ್ತಾಳೆ, ಆ ಊಟ ತಿಂದು ಬೆಳೆದವಳು ನಾನು ಎಂದೆ. ಮೇಡಂ, ಮುಂದೆ ಓದು ಎಂದರು.

ಮನೆಗೆ ಬಂದು ಎಲ್ಲವನ್ನೂ ಹೆಮ್ಮೆಯಿಂದ ಹೇಳಿದೆ. ಅಮ್ಮ ಒಲೆಯ ಕಡೆಯಿಂದ ತಿರುಗಲಿಲ್ಲ.

"ಯಾರ ಮನೆ ಅಂತ ಹೇಳ್ಲಿಲ್ಲ ತಾನೆ?"

ಇಲ್ಲ ಎಂದೆ. ಬೆಳಿಗ್ಗೆ ಏಳಕ್ಕೆ ಅವಳು ಅಲ್ಲಿಗೇ ಹೋಗಬೇಕಿತ್ತು.