ಕೈಗುಣವಿಲ್ಲದ ಸಿಸ್ಟರ್

ವಿಶಾಖಪಟ್ಟಣದ ಖಾಸಗಿ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಒಬ್ಬರೇ, ಹುಬ್ಬಳ್ಳಿ ಕಡೆಯ ಹಿರಿಯ ನರ್ಸ್. ಅವರನ್ನು ಅಕ್ಕ ಎನ್ನುತ್ತಿದ್ದೆ. ಎಂವಿಪಿ ಕಾಲೋನಿಯ ಅವರ ಮನೆಯಲ್ಲಿ ಜೋಳದ ರೊಟ್ಟಿ ತಿನ್ನುತ್ತ, ಕ್ಯಾಂಟೀನಿನ ಖಾರವನ್ನು ಇಬ್ಬರೂ ಸೇರಿ ಬೈಯುತ್ತಿದ್ದೆವು.

ಕ್ಯಾನ್ಸರ್ ವಾರ್ಡಿನಲ್ಲಿ ಮುದುಕರೊಬ್ಬರಿದ್ದರು. ಪರವಾಡದ ಕಡೆ ಕಂಪನಿ ಬಸ್ಸು ಓಡಿಸಿ ನಿವೃತ್ತರಾದವರು. ಕಾಯಿಲೆ ಮೂಳೆಗೆ ಇಳಿದಿತ್ತು. ವಾಸಿಯಾಗುವ ಮಾತಿರಲಿಲ್ಲ, ಉಳಿದ ದಿನಗಳಾದರೂ ನೋವಿಲ್ಲದೆ ಕಳೆಯಲೆಂದು ಮಾರ್ಫಿನ್ ಕೊಡುತ್ತಿದ್ದರು. ಒಂದು ದಿನ ಅವರ ಹೆಂಡತಿ ನನ್ನ ಕಿಟಕಿಯ ಹತ್ತಿರ ಬಂದು, ತೆಲುಗಿನಲ್ಲಿ ಮೆಲ್ಲಗೆ, "ಆ ದೊಡ್ಡ ಸಿಸ್ಟರಿಗೆ ಕೈಗುಣ ಇಲ್ಲಮ್ಮ. ಅವರು ಕೊಟ್ಟರೆ ನೋವು ಇಳಿಯೋದೇ ಇಲ್ಲ. ಬೇರೆಯವರನ್ನ ಕಳಿಸೋಕೆ ಹೇಳಿ" ಎಂದರು. ವಾರ್ಡಿನವರು ಇದೇ ಮಾತಿಗೆ ನಕ್ಕಿದ್ದರಂತೆ. ದೊಡ್ಡ ಸಿಸ್ಟರ್ ಎಂದರೆ ನಮ್ಮ ಅಕ್ಕ. ನನಗೆ ನಗು ಬರಲಿಲ್ಲ. ಮಾರ್ಫಿನ್‌ಗೆ ಯಾರ ಕೈಯಾದರೇನು?

ಆ ಔಷಧವನ್ನು ಸಿರಿಂಜಿಗೆ ಎಳೆಯುವುದರಿಂದ ಹಿಡಿದು ರೋಗಿಗೆ ಚುಚ್ಚುವವರೆಗೆ ಇನ್ನೊಬ್ಬ ನರ್ಸ್ ಪಕ್ಕದಲ್ಲಿ ನಿಂತು ನೋಡಬೇಕೆಂಬುದು ನಿಯಮ. ಆದರೆ ದೊಡ್ಡವರನ್ನು ಬಾಯಿತುಂಬ 'ಗಾರು' ಎಂದು ಕರೆಯುವ ಊರಿನಲ್ಲಿ, ಹಿರಿಯ ಸಿಸ್ಟರ್ ಕೈಯನ್ನೇ ದಿಟ್ಟಿಸುತ್ತ ನಿಲ್ಲುವವರು ಯಾರು? ಕಿರಿಯ ನರ್ಸುಗಳು ಗೌರವಕ್ಕೆ ಅತ್ತ ತಿರುಗಿ ನಿಲ್ಲುತ್ತಿದ್ದರು. ಆ ಗೌರವವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಅಕ್ಕನ ಪಾಳಿಯಲ್ಲಿ ನಾನೇ ಹೋಗಿ ಪಕ್ಕದಲ್ಲಿ ನಿಂತೆ. ಸಿರಿಂಜಿನಿಂದ ಕಣ್ಣು ತೆಗೆಯಲಿಲ್ಲ. ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೆ ಮುದುಕರು ನಿದ್ದೆಹೋದರು. ಆಮೇಲೆ ಅಕ್ಕ ತಾವಾಗಿಯೇ ನನ್ನನ್ನು ಹುಡುಕಿಕೊಂಡು ಬಂದರು.

"ರೋಗಿಗಳನ್ನ ಎತ್ತಿ ಎತ್ತಿ ನನ್ನ ಬೆನ್ನು ಹೋಗಿತ್ತು. ರೋಗಿಗೆ ಕೊಟ್ಟು ಮಿಕ್ಕಿದ್ದ ಮಾರ್ಫಿನ್ ಒಮ್ಮೆ ನಾನ ಚುಚ್ಚಿಕೊಂಡೆ. ಆಮ್ಯಾಲೆ ಬಿಡಾಕ ಆಗಲಿಲ್ಲ. ಆ ಮುದುಕರದ್ದು ನಾನ ತಗೊಂಡು, ಅವರಿಗೆ ಬರೇ ಸಲೈನ್ ನೀರು ಹಾಕತಿದ್ದೆ. ಮ್ಯಾಲಿನವರಿಗೆ ನೀನ ಹೇಳಿಬಿಡವಾ."

ಹೇಳಿದೆ. ಅಕ್ಕನ ಕೆಲಸ ಹೋಯಿತು. ಮನೆಗೆ ಹೋಗಿ ಅತ್ತುಬಿಟ್ಟೆ. ಅಕ್ಕನಿಗಾಗಿಯೋ ಮುದುಕರಿಗಾಗಿಯೋ ನನಗೇ ತಿಳಿಯಲಿಲ್ಲ.

ಮುದುಕರು ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಮನೆಯವರಿಗೆ ಏನೂ ಹೇಳಕೂಡದೆಂದು ಆಡಳಿತದವರು ತಾಕೀತು ಮಾಡಿದ್ದರು. ಕರ್ಮಾಂತರವೆಲ್ಲ ಮುಗಿದ ಮೇಲೆ, ಉಳಿದ ಮಾತ್ರೆಗಳನ್ನು ಹಿಂತಿರುಗಿಸಲು ಆ ಹೆಂಗಸು ನನ್ನ ಕಿಟಕಿಗೆ ಬಂದರು.

"ನನ್ನ ಮಾತಿನಿಂದ ಆ ಸಿಸ್ಟರ್ ಕೆಲಸ ಹೋಯಿತಂತೆ. ಕೈಗುಣ ಇಲ್ಲದಿದ್ದರೆ ಅದು ಅವರ ತಪ್ಪೇನಮ್ಮ?" ಎಂದು ಕಣ್ಣೊರೆಸಿಕೊಂಡರು.

ಇನ್ನು ತಡೆಯಲಾಗಲಿಲ್ಲ. ಆ ಸಿರಿಂಜಿನಲ್ಲಿ ಔಷಧವೇ ಇರಲಿಲ್ಲವೆಂದು ಹೇಳಿಬಿಟ್ಟೆ.

ಅವರು ಕೂಗಾಡಲಿಲ್ಲ, ಯಾರಿಗೂ ಶಾಪ ಹಾಕಲಿಲ್ಲ. ಮಾತ್ರೆಗಳನ್ನು ಕಿಟಕಿಯಲ್ಲಿಟ್ಟು, "ಇಂಜೆಕ್ಷನ್ ಆಯ್ತಲ್ಲ, ಇನ್ನೂ ಯಾಕೆ ನರಳ್ತೀರಿ, ಪಕ್ಕದವರ ಮುಂದೆ ನಾಚಿಕೆ ಆಗಲ್ವಾ ಅಂತ ನಾನು ಅವರನ್ನ ಬೈತಿದ್ದೆ" ಎಂದರು. "ಆಮೇಲೆ ಅವರು ಟವಲು ಕಚ್ಚಿಕೊಂಡು ಸುಮ್ಮನೆ ಮಲಗಿರ್ತಿದ್ದರು."