ಹಿಮದ ಕನ್ನಡಕದ ಸಾಹೇಬರು

ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ವಾರ ರಜೆ ಮುಗಿಸಿ ಆಫೀಸಿಗೆ ಬರುವಾಗ ನಮ್ಮ ಸಾಹೇಬರ ಮುಖ ಎರಡು ಬಣ್ಣದ್ದಾಗಿರುತ್ತಿತ್ತು. ಮೂಗು, ಗಲ್ಲ, ಗದ್ದ ಎಲ್ಲ ಬಿಸಿಲಿಗೆ ಸುಟ್ಟು ರೊಟ್ಟಿ ಹಂಚಿನಂತೆ ಕಪ್ಪಾಗಿರುತ್ತಿದ್ದವು. ಕಣ್ಣಿನ ಸುತ್ತ ಮಾತ್ರ ಅಂಗೈ ಅಗಲದ ಬಿಳಿ ಪಟ್ಟಿ. ತುಟಿ ಒಡೆದು, ಮೂಗಿನ ತುದಿಯ ಚರ್ಮ ಸುಲಿಯುತ್ತಿರುತ್ತಿತ್ತು. ದೂರದೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮರಾಠಿ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸಾಹೇಬರೂ ಅವರ ಜೊತೆ ನಗುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾಶಿಕದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್, ಅವರು ಸೂಪರ್‌ವೈಸರ್. ನಾನು ಧಾರವಾಡದವಳು. ಗಂಡನಿಗೆ ಸಾತಪುರದ ಕಾರ್ಖಾನೆಯಲ್ಲಿ ಕೆಲಸವಿದ್ದುದರಿಂದ ವರ್ಗ ಮಾಡಿಸಿಕೊಂಡು ಬಂದಿದ್ದೆ. ಸಾಹೇಬರು ಬಿಜಾಪುರದ ಕಡೆಯವರು. ಅವರ ಹೆಂಡತಿಗೆ ಆಗಿನ ಔರಂಗಾಬಾದಿನ ಬ್ಯಾಂಕಿನಲ್ಲಿ ನೌಕರಿ. ಸಾಹೇಬರು ಇಲ್ಲಿ ಒಂದು ಖೋಲಿ ಹಿಡಿದುಕೊಂಡಿದ್ದು ಶನಿವಾರ ಬಂತೆಂದರೆ ಹೆಂಡತಿ, ಮಗಳನ್ನು ನೋಡಲು ಬಸ್ಸು ಹತ್ತುತ್ತಿದ್ದರು.

ಬಿಜಾಪುರದ ಬಿಸಿಲಿನಲ್ಲಿ ಬೆಳೆದ ಈ ಮನುಷ್ಯನಿಗೆ ಹಿಮದ ಹುಚ್ಚು ಹಿಡಿದದ್ದು ಮೂವತ್ತೈದು ದಾಟಿದ ಮೇಲೆ. ನೌಕರರಿಗಾಗಿ ನಡೆಸುವ ಚಳಿಗಾಲದ ಶಿಬಿರವೊಂದಕ್ಕೆ ಯಾರೋ ಹೋಗಲಾರದೆ ಬಿಟ್ಟ ಜಾಗದಲ್ಲಿ ಇವರು ಹಿಮಾಚಲಕ್ಕೆ ಹೋದರು. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿತು ಬಂದರು. ಆಮೇಲೆ ವರ್ಷದ ರಜೆಯೆಲ್ಲ ಅದಕ್ಕೇ ಮೀಸಲು. ಅಲ್ಲಿಗೆ ಬಂದಿದ್ದ ವಿದೇಶಿಯೊಬ್ಬ ಊರಿಗೆ ಮರಳುವಾಗ ತನ್ನ ಸ್ಕೀ ಕನ್ನಡಕವನ್ನು ಇವರಿಗೆ ಕೊಟ್ಟು ಹೋಗಿದ್ದ. ಅದಕ್ಕೆ ಎರಡು ಲೆನ್ಸು, ಬಿಸಿಲಿಗೆ ಕಪ್ಪು, ಮೋಡಕ್ಕೆ ಹಳದಿ. ಒಂದನ್ನು ತೆಗೆದು ಇನ್ನೊಂದನ್ನು ಕೂಡಿಸಬಹುದು.

ಊಟದ ಬಿಡುವಿನಲ್ಲಿ ಒಮ್ಮೊಮ್ಮೆ ಅದನ್ನು ಮೇಜಿನ ಮೇಲೆ ಹರಡಿಕೊಂಡು ಕೂಡುತ್ತಿದ್ದರು. ಹಳೆಯ ಧೋತರದಿಂದ ತಾವೇ ಹೊಲಿದ ಎರಡು ಚೀಲ, ಒಂದೊಂದರಲ್ಲಿ ಒಂದೊಂದು ಲೆನ್ಸು. ಅಂಚು ಹಿಡಿದೇ ಹೊರಗೆ ತೆಗೆಯುತ್ತಿದ್ದರು. ಫ್ರೇಮಿನ ರಬ್ಬರನ್ನು ಮೂಗಿನ ಕಡೆಯಿಂದ ಮೆಲ್ಲಗೆ ಬಿಡಿಸಿ ಲೆನ್ಸು ಕೂಡಿಸುವಾಗ ಅವರ ನಾಲಗೆ ಹಲ್ಲಿನ ನಡುವೆ ಇಣುಕುತ್ತಿತ್ತು.

"ಎರಡೂ ಕಪ್ಪ ಇದ್ರ ಆಗೂದಿಲ್ಲೇನ್ರಿ, ಸಾಹೇಬ್ರ?" ಎಂದು ಒಮ್ಮೆ ಕೇಳಿದ್ದೆ.

"ಮೋಡ ಮುಚ್ಚಿದ್ರ ಅಲ್ಲಿ ನೆಲಾ ಯಾವದು, ಮುಗಿಲ ಯಾವದು ತಿಳಿಯೂದಿಲ್ರಿ ಬಾಯಾರ. ಎಲ್ಲಾ ಒಂದ ಬಿಳುಪು. ತಗ್ಗು ದಿನ್ನಿ ಕಾಣಬೇಕಂದ್ರ ಹಳದೀನ ಬೇಕು. ಬೆಳಕ ನೋಡಿ ಲೆನ್ಸ್ ಆರಿಸ್ಬೇಕ್ರಿ, ಚಂದ ನೋಡಿ ಅಲ್ಲ."

ಹಳದಿ ಲೆನ್ಸಿಗೆ ವಯಸ್ಸಾಗಿತ್ತು. ಬದಲಿ ಲೆನ್ಸು ನಮ್ಮ ದೇಶದಲ್ಲಿ ಸಿಗುತ್ತಿರಲಿಲ್ಲ. ಅದರ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ಪರದೇಶಕ್ಕೆ ಹೋಗುವವರು ಯಾರೇ ಸಿಕ್ಕರೂ ಕೈಗೆ ಕೊಡುತ್ತಿದ್ದರು. ಒಬ್ಬರು ತಂದೂ ಕೊಟ್ಟರು. ಅದೇ ಕಂಪನಿಯದು, ಆದರೆ ಬೇರೆ ಮಾದರಿಯದು. ಅಂಚೆಲ್ಲ ಸರಿಯಾಗಿ ಕೂತಿತು, ನಡುವಿನ ಬಾಗು ಕೂಡಲಿಲ್ಲ. ಒತ್ತಿ ಕೂಡಿಸಿದರಾಯಿತು ಎಂದು ನಾವೆಲ್ಲ ಹೇಳಿದೆವು. ಅವರು ಒಪ್ಪಲಿಲ್ಲ. "ಸಂದಿನಾಗ ಬರ್ಫ ಹೊಕ್ಕು ಮಂಜ ಹಿಡೀತದ" ಎಂದು ಕಟ್ಟಿ ಒಳಗಿಟ್ಟರು.

ಆ ವರ್ಷದ ಶ್ರಾವಣದಲ್ಲಿ ನನ್ನ ಗಂಡ ಹೋದರು. ಬೆಳಗಿನ ಪಾಳಿಗೆ ಸ್ಕೂಟರಿನಲ್ಲಿ ಹೊರಟವರಿಗೆ ಸಾತಪುರದ ತಿರುವಿನಲ್ಲಿ ಲಾರಿ ಬಡಿಯಿತು. ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹದಿನೈದು ದಿನಕ್ಕೆ ಕೆಲಸಕ್ಕೆ ಮರಳಿದೆ. "ನಂಬರ್ ಪ್ಲೀಸ್" ಎನ್ನುವುದನ್ನು ಬಿಟ್ಟರೆ ದಿನವಿಡೀ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಸಾಹೇಬರು ಸಮಾಧಾನ ಹೇಳಲು ಬರಲಿಲ್ಲ. ಅವತ್ತಿನಿಂದ "ಬಾಯಾರ" ಎನ್ನುವುದನ್ನು ಬಿಟ್ಟು "ತಂಗಿ" ಎಂದು ಕರೆಯತೊಡಗಿದರು, ಅಷ್ಟೇ.

ನವೆಂಬರಿನಲ್ಲಿ ಒಂದು ಅರ್ಜಿ ತಂದು ನನ್ನ ಮುಂದಿಟ್ಟರು. ಹಿಮಾಚಲದಲ್ಲಿ ಹೆಣ್ಣುಮಕ್ಕಳ ಸ್ಕೀಯಿಂಗ್ ಶಿಬಿರ, ಜನವರಿಯಲ್ಲಿ.

"ನಾ ಎಲ್ಲಿಗೂ ಹೋಗಾಕಿ ಅಲ್ರಿ, ಸಾಹೇಬ್ರ."

"ಹೋಗು ತಂಗಿ. ಅಲ್ಲಿ ಬೀಳಬೇಕು, ಏಳಬೇಕು. ಬ್ಯಾರೆ ವಿಚಾರಕ್ಕ ವ್ಯಾಳೆ ಇರೂದಿಲ್ಲ."

ಧಾರವಾಡದಿಂದ ಅತ್ತೆ ಬೈದು ಪತ್ರ ಬರೆದರು. ಸಾಹೇಬರು ಅವರಿಗೂ ಒಂದು ಪತ್ರ ಬರೆದರು. ಏನು ಬರೆದಿದ್ದರೋ, ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಹೊರಡುವ ಹಿಂದಿನ ದಿನ ಆ ಕನ್ನಡಕವನ್ನೂ ಎರಡು ಲೆನ್ಸನ್ನೂ ನನ್ನ ಕೈಗಿತ್ತು ಹೇಳಿಕೊಟ್ಟರು: "ಬರ್ಫ ಹೊಕ್ರ ಜಾಡಿಸು, ನೆರಳಿಗೆ ಆರಾಕ ಬಿಡು. ಒಳಮೈ ಮಾತ್ರ ಒರಸಬ್ಯಾಡ. ಮಂಜ ಹಿಡೀಬಾರದಂತ ಅಲ್ಲೊಂದ ತೆಳು ಲೇಪ ಇರ್ತದ. ಹಸೀ ಇದ್ದಾಗ ತಿಕ್ಕಿದ್ರ ಕಿತ್ತ ಬರ್ತದ. ಒಲಿ ಮುಂದನೂ ಹಿಡೀಬ್ಯಾಡ."

ಮೊದಲ ಐದು ದಿನ ಬಿದ್ದೆ, ಎದ್ದೆ. ಒಂದು ಸಂಜೆ ನನಗೇ ತಿಳಿಯದಂತೆ ಗಟ್ಟಿಯಾಗಿ ನಕ್ಕೆ. ಆರನೆಯ ದಿನ ಮೋಡ ಕವಿದಿತ್ತು. ಹಳದಿ ಲೆನ್ಸು ಹಾಕಿದ್ದೆ. ಮುಖ ಅಡಿಯಾಗಿ ಬಿದ್ದಾಗ ಕನ್ನಡಕದೊಳಗೆ ಹಿಮ ಹೊಕ್ಕಿತು. ಮೇಲೆ ಸಾಲಿನಲ್ಲಿ ಹತ್ತು ಜನ ಕಾಯುತ್ತಿದ್ದರು, ಕಲಿಸುವವನು "ಜಲ್ದಿ, ಜಲ್ದಿ" ಎಂದು ಕೂಗುತ್ತಿದ್ದ. ಕನ್ನಡಕ ತೆಗೆದು ಉಣ್ಣೆಯ ಕೈಗವಸಿನಿಂದ ಒಳಗೆ ಬರಬರನೆ ಒರೆಸಿಬಿಟ್ಟೆ. ಸಂಜೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬಲಗಣ್ಣಿನ ಜಾಗದಲ್ಲಿ ಲೇಪ ಎದ್ದು ಹೋಗಿತ್ತು. ಮರುದಿನ ಹಾಕಿಕೊಂಡಾಗ ಸರಿಯಾಗಿ ಅಲ್ಲಿಯೇ ಮಂಜು ಹಿಡಿಯಿತು.

ಹೇಳಲೇಬೇಕೆಂದು ನಿಶ್ಚಯ ಮಾಡಿಕೊಂಡೇ ನಾಶಿಕಕ್ಕೆ ಬಂದೆ. ಸೋಮವಾರ ಬೆಳಿಗ್ಗೆ ಸಾಹೇಬರ ಮೇಜಿನ ಮುಂದೆ ನಿಂತೆ. ಅವರು ನನ್ನ ಸುಟ್ಟ ಮುಖ, ಕಣ್ಣಿನ ಸುತ್ತಲಿನ ಬಿಳಿ ಪಟ್ಟಿ ನೋಡಿದವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಹೆಂಗಿತ್ತ ಬರ್ಫ? ಎಷ್ಟ ಸಲ ಬಿದ್ದಿ?" ನಾನು ಹೇಳತೊಡಗಿದೆ. ಐದು ತಿಂಗಳ ಮೇಲೆ ಅಷ್ಟು ಮಾತಾಡಿದೆ. ಅವರ ಕಣ್ಣು ಒದ್ದೆಯಾದವು. ಆ ಹೊತ್ತಿನಲ್ಲಿ ಲೆನ್ಸು ಹಾಳು ಮಾಡಿದೆನೆಂದು ಹೇಳಲು ನಾಲಗೆ ಏಳಲಿಲ್ಲ. ಹಳದಿ ಲೆನ್ಸಿನ ಚೀಲದ ದಾರವನ್ನು ಬಿಗಿಯಾಗಿ ಗಂಟು ಹಾಕಿ ತಂದಿದ್ದೆ. ಅವರು ಅದನ್ನು ತೆಗೆದುಕೊಂಡು ಡ್ರಾಯರಿನಲ್ಲಿಟ್ಟರು. ನಾಳೆ ಹೇಳಿದರಾಯಿತು ಎಂದುಕೊಂಡೆ. ಹೀಗೆ ನಾಳೆ ನಾಳೆ ಎನ್ನುತ್ತಿರುವಾಗಲೇ ಫೆಬ್ರವರಿ ಬಂದು, ಅವರು ಔರಂಗಾಬಾದಿನ ಮನೆಗೆ ಹೋಗಿ ಅಲ್ಲಿಂದ ಹಿಮಾಚಲಕ್ಕೆ ಹೊರಟರು.

ಹನ್ನೆರಡನೆಯ ದಿನ ಮಧ್ಯಾಹ್ನ ಹಿಮಾಚಲದಿಂದ ಟ್ರಂಕ್ ಕಾಲ್ ಬಂತು. ಬೋರ್ಡಿನಲ್ಲಿ ಕೂತಿದ್ದವಳು ನಾನೇ. ಆ ಕಡೆಯ ದನಿ ಹಿಂದಿಯಲ್ಲಿ ಸಾಹೇಬರ ಹೆಸರು ಹೇಳಿ, "ಅವರ ದೊಡ್ಡ ಅಧಿಕಾರಿಗೆ ಕೊಡಿ, ಬೆನ್ನುಮೂಳೆ ಮುರಿದಿದೆ" ಎಂದಿತು. ಕಾಲ್ ಜೋಡಿಸಿದೆ. ಆಮೇಲೆ ಹೆಡ್‌ಸೆಟ್ ತೆಗೆಯಲು ಕೈ ಬರಲಿಲ್ಲ. ಪಕ್ಕದವಳು ಬಂದು ತೆಗೆದಳು.

ಅವರ ಜೊತೆಗಿದ್ದವರು ಮುಂದೆ ಎಲ್ಲ ಹೇಳಿದರು. ಮೇಲೆ ಹೋದಾಗ ಬಿಸಿಲಿತ್ತಂತೆ, ಇಳಿಯುವಾಗ ಮೋಡ ಮುಚ್ಚಿತಂತೆ. ಸಾಹೇಬರು ಲೆನ್ಸು ಬದಲಾಯಿಸಿದರಂತೆ. ಎರಡು ಸಲ ನಿಂತು ಕನ್ನಡಕ ತೆಗೆದು ಜಾಡಿಸಿದರಂತೆ. ಮೂರನೆಯ ಸಲ ನಿಲ್ಲಲಿಲ್ಲ. ಎದುರಿಗಿದ್ದ ತಗ್ಗು ಕಾಣದೆ ಬಂಡೆಗಳ ಮೇಲೆ ಹೋಗಿ ಬಿದ್ದರು.

ಅವರನ್ನು ಔರಂಗಾಬಾದಿಗೆ ತಂದರು. ಸೊಂಟದ ಕೆಳಗೆ ಜೀವವಿರಲಿಲ್ಲ. ನಾನು ಎರಡು ವಾರಕ್ಕೊಮ್ಮೆ ಭಾನುವಾರ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಅವರ ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ನಾನು ಹೋದ ದಿನ ವೈನಿ ಸಂತೆ, ಗಿರಣಿ ಎಂದು ಹೊರಗಿನ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಒಂಬತ್ತು ವರ್ಷದ ಮಗಳು ಅಪ್ಪನ ಕನ್ನಡ ಮಾತಿಗೆ ಮರಾಠಿಯಲ್ಲಿ ಉತ್ತರ ಕೊಡುತ್ತ ಅವರ ಬೆನ್ನಿಗೆ ಪೌಡರ್ ಹಚ್ಚುತ್ತಿದ್ದಳು. ನನ್ನನ್ನು ಕಂಡರೆ ಸಾಹೇಬರು ಕೇಳುವುದು ಒಂದೇ: "ಮುಂದಿನ ಜನವರಿಗೆ ಅರ್ಜಿ ಹಾಕಿದಿ ಏನು?"

ಜುಲೈ ತಿಂಗಳ ಒಂದು ಭಾನುವಾರ, ವೈನಿಯೂ ಮಗಳೂ ಹೊರಗೆ ಹೋಗಿದ್ದಾಗ, ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕೈಗವಸು, ಒರೆಸಿದ್ದು, ಹೇಳದೆ ಉಳಿದದ್ದು. ಅವರು ನಕ್ಕರು.

"ನನಗ ಗೊತ್ತಿತ್ತ ತಂಗಿ. ನೀ ಕೊಟ್ಟ ದಿನಾನ ಬಿಚ್ಚಿ ಬೆಳಕಿಗೆ ಹಿಡದ ನೋಡಿದ್ದೆ. ನಾ ನೋಡದ ಹಾಕ್ಕೊಳ್ಳಾವ ಏನು? ಒಂದ ಸೀಜನ್ ನಡೀತದ ಅಂತ ಒಯ್ದೆ. ತಪ್ಪ ನಂದು. ಅಳಬ್ಯಾಡ. ಈ ಮಾತ ಇನ್ನ ಎಲ್ಲೂ ತೆಗೀಬ್ಯಾಡ."

ಅವತ್ತು ಬಸ್ಸಿನಲ್ಲಿ ನಾಶಿಕ ಬರುವತನಕ ನಿದ್ದೆ ಮಾಡಿದೆ. ತಿಂಗಳುಗಳ ಮೇಲೆ ಬಂದ ನಿದ್ದೆ. ಆಮೇಲಿನ ದಿನಗಳಲ್ಲಿ ಅವರ ಮೇಲೆ ಸಿಟ್ಟೂ ಬಂತು. ಗೊತ್ತಿದ್ದೂ ಯಾಕೆ ಹಾಕಿಕೊಂಡರು, ಮಗಳ ಮುಖವನ್ನಾದರೂ ನೋಡಬಾರದಿತ್ತೇ ಎಂದು.

ಜನವರಿಯಲ್ಲಿ, ಮಲಗಿ ಮಲಗಿ ಆಗಿದ್ದ ಬೆನ್ನಿನ ಹುಣ್ಣು ಕೀವಾಗಿ ಜ್ವರ ಏರಿತು. ನಾಲ್ಕು ದಿನಕ್ಕೆ ಹೋಗಿಬಿಟ್ಟರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹದಿಮೂರನೆಯ ದಿನದ ಊಟವಾಗಿ ಜನ ಚದುರಿದ ಮೇಲೆ ವೈನಿ ನನ್ನನ್ನು ಒಳಕೋಣೆಗೆ ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು. ನನ್ನ ಕೈ ಹಿಡಿದು ನನಗೇ ಸಮಾಧಾನ ಹೇಳತೊಡಗಿದರು.

"ನಿನ್ನ ಮ್ಯಾಲೆ ಎಷ್ಟ ಜೀವ ಇತ್ತು ಅವರಿಗೆ, ನಿನಗ ಗೊತ್ತಿಲ್ಲ. ಹ್ವಾದ ವರ್ಷ ಹೊರಡಾಗ ಚೀಲ ನಾನ ತುಂಬಿದೆ. ಆ ಲೆನ್ಸಿನ ಗಂಟ ಬಿಚ್ಚಿ ಒಮ್ಮೆ ನೋಡ್ರಿ ಅಂದೆ. ಯಾರ ಕಡೆಯಿಂದ ಬಂದ್ರೂ ಬಿಚ್ಚಿ ನೋಡಾವ್ರು, ಅವತ್ತ ಏನಂದ್ರು ಗೊತ್ತದ ಏನು? 'ಬಿಚ್ಚಬ್ಯಾಡ, ತಂಗಿ ಕಟ್ಟಿಕೊಟ್ಟಾಳ. ಅದರಾಗ ನೋಡೂದೇನದ? ಇನ್ನೂ ಒಮ್ಮೆನೂ ಬಿಚ್ಚಿಲ್ಲ ನಾ' ಅಂದ್ರು."

ಜುಲೈಯಲ್ಲಿ ಸಾಹೇಬರು ನನಗೆ ಹೇಳಿದ್ದು ಸುಳ್ಳು. ಮೋಡ ಮುಚ್ಚಿದ ಆ ಬೆಟ್ಟದ ಮೇಲೆ, ಲೆನ್ಸು ಬದಲಾಯಿಸುವಾಗಲೇ ಅವರು ಆ ಗಂಟನ್ನು ಮೊದಲ ಸಲ ಬಿಚ್ಚಿದ್ದು.

ಸುಮ್ಮನಿದ್ದುಬಿಡಬಹುದಿತ್ತು. ಸಾಹೇಬರ ಅಪ್ಪಣೆಯೂ ಅದೇ ಆಗಿತ್ತು. ಆದರೆ ನನ್ನ ಕೈ ಸವರುತ್ತಿದ್ದ ಆ ಹೆಂಗಸಿನ ಎದುರು ಇನ್ನೊಮ್ಮೆ ಮುಚ್ಚಿಡುವುದು ಆಗಲಿಲ್ಲ. ಹೇಳಿದೆ. ವೈನಿ ಮೆಲ್ಲಗೆ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಗೋಡೆ ನೋಡುತ್ತ ಅಂದರು: "ಅವರು ನಿನಗ ಮಾಫ್ ಮಾಡ್ಯಾರ. ನನ್ನ ಕಡೆಯಿಂದ ಆಗೂದಿಲ್ಲ. ನೀ ಇನ್ನ ಬರಬ್ಯಾಡ."

ನಾನು ಮತ್ತೆ ಹೋಗಲಿಲ್ಲ. ಎರಡು ವರ್ಷಕ್ಕೆ ವೈನಿ ವರ್ಗ ಮಾಡಿಸಿಕೊಂಡು ಊರ ಕಡೆ ಹೋದರೆಂದು ಕೇಳಿದೆ. ಆ ಮಗಳೂ ಈಗ ನಡುವಯಸ್ಸಿನವಳಾಗಿರಬೇಕು.

ಗಂಡ ಸತ್ತ ಮೇಲೆ ಎದ್ದು ನಿಲ್ಲುವುದನ್ನು ನನಗೆ ಕಲಿಸಿದವರು ಅವರು. ಮಂಚ ಹಿಡಿದು ಮಲಗಿದಲ್ಲಿಂದಲೂ, ಇವಳು ಇನ್ನೊಮ್ಮೆ ಬೀಳಬಾರದೆಂದು ಯೋಚಿಸಿ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. ಅಂಥ ಮನುಷ್ಯನಿಗೆ ನಾನು ಮಾಡಬೇಕಾಗಿದ್ದುದು ಇಷ್ಟೇ. ಆ ಸೋಮವಾರ ಬೆಳಿಗ್ಗೆ, ಅವರು ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ, "ಸಾಹೇಬ್ರ, ಲೆನ್ಸ್ ಕೆಟ್ಟದ" ಎನ್ನಬೇಕಾಗಿತ್ತು. ಮೂರು ಶಬ್ದ. ಅವರು ಬಯ್ಯುತ್ತಲೂ ಇರಲಿಲ್ಲ.