ಖಂಡೆ ಪೂಜೆಗಿಟ್ಟ ಬೂಟು

ಒಂದು ಕಡೆ ಸುಮ್ಮನೆ ಕೂರುವುದೆಂದರೆ ನನಗೆ ಆಗಿಬರುವುದಿಲ್ಲ. ಕೂತರೂ ಕಾಲು ಅಲ್ಲಾಡುತ್ತಲೇ ಇರುತ್ತದೆ. ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿ, ದೈಹಿಕ ಪರೀಕ್ಷೆ ಬಾಕಿ ಉಳಿದಿದ್ದ ದಿನಗಳಲ್ಲಂತೂ ಊಟದ ತಾಟಿನ ಮುಂದೆಯೂ ಮನಸ್ಸು ಓಡುತ್ತಿತ್ತು. ಓಟ, ಗುಂಡು ಎಸೆತ, ಉದ್ದ ಜಿಗಿತ, ಮೂರರಲ್ಲೂ ದಾಟಬೇಕು. ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಇದು ತಪ್ಪಿದರೆ ಇನ್ನೊಂದೇ ಅವಕಾಶ.

ಹೆಣ್ಣುಹುಡುಗಿ ಬಯಲಲ್ಲಿ ಎಲ್ಲರ ಕಣ್ಣೆದುರು ಓಡುವುದು ಬೇಡ ಎಂದು ಅವ್ವ ಹಟ ಹಿಡಿದಿದ್ದಳು. ಹಾಗಾಗಿ ಕೊಪ್ಪಳದ ಸಿಲೇಖಾನೆಯೇ ಗತಿ. ನಿಜಾಮರ ಕಾಲದಲ್ಲಿ ಕತ್ತಿ, ಬಂದೂಕು ಇಡುತ್ತಿದ್ದ ಕಲ್ಲಿನ ಕಟ್ಟಡ ಅದು. ಈಗ ಮೇಲೆ ತಗಡು ಹೊದಿಸಿ, ನೆಲಕ್ಕೆ ರಬ್ಬರ್ ಹಾಸಿ, ಒಂದು ತುದಿಗೆ ಉಸುಕಿನ ಗುಂಡಿ ತೋಡಿ ಒಳಾಂಗಣ ಕ್ರೀಡಾಂಗಣ ಮಾಡಿದ್ದಾರೆ. ಕಳ್ಳರು ನುಗ್ಗದಂತೆ ಕಟ್ಟಿದ ಕಿಟಕಿಗಳಲ್ಲಿ ಗಾಳಿಯೂ ನುಗ್ಗುವುದಿಲ್ಲ. ಉದ್ದ ಜಿಗಿತಕ್ಕೆ ಬೆನ್ನನ್ನು ಗೋಡೆಗೆ ಹಚ್ಚಿ ಓಟ ಶುರು ಮಾಡಬೇಕು. ಕಾಲು ರಭಸ ಹಿಡಿಯುವಷ್ಟರಲ್ಲಿ ಜಿಗಿಯುವ ಪಟ್ಟಿ ಬಂದುಬಿಡುತ್ತದೆ. ಆ ಗೋಡೆಯ ಮೇಲೆ ನನಗೆ ವಿಪರೀತ ಸಿಟ್ಟು. ಅವ್ವ ಮಾತ್ರ ಬಾಗಿಲ ಒಳಗೆ ಪುಂಡಿಪಲ್ಯದ ಸೊಪ್ಪು ಸೋಸುತ್ತ, "ಭಾಳ ಛಲೋ ಜಾಗಾ ಐತಿ, ಯಾರ ಕಾಟಾನೂ ಇಲ್ಲ" ಎನ್ನುತ್ತ ನೆಮ್ಮದಿಯಿಂದ ಕೂತಿರುತ್ತಿದ್ದಳು.

ಆಯುಧಗಳು ಹೋದರೂ ಅಲ್ಲಿ ಖಂಡೆ ಪೂಜೆ ನಿಂತಿಲ್ಲ. ಮಹಾನವಮಿಯ ದಿನ ಎಸೆತದ ಗುಂಡು, ಭರ್ಚಿ, ತರಬೇತಿ ಕೊಡುವ ಮಾಸ್ತರರ ಸೀಟಿ ಎಲ್ಲವನ್ನೂ ಸಾಲಾಗಿಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸುತ್ತಾರೆ. ಮರುದಿನ ದಸರೆಯ ಸಂಜೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಆಯುಧ ಕೈಕೊಡುತ್ತದೆಂದು ನಂಬಿಕೆ. ಆ ಸಲ ಅವ್ವ ನನ್ನ ಓಟದ ಬೂಟುಗಳನ್ನೂ ಒಯ್ದು ಭರ್ಚಿಯ ಪಕ್ಕದಲ್ಲಿಟ್ಟು ಬಂದಳು.

"ನಿನ್ನ ಆಯುಧ ಅವ ಅಲ್ಲೇನ? ಪೂಜಿ ಆಗ್ಲಿ" ಎಂದಳು, ಹೆಮ್ಮೆಯಿಂದ.

ಪರೀಕ್ಷೆ ಇದ್ದದ್ದು ಕಲಬುರಗಿಯಲ್ಲಿ, ದಸರೆಯ ಮರುದಿನ ಬೆಳಿಗ್ಗೆ. ದಸರೆಯ ಮಧ್ಯಾಹ್ನವೇ ನಾನು ಬಸ್ಸು ಹತ್ತಬೇಕು. ಬನ್ನಿ ಸಂಜೆಗೆ. ಅವ್ವನಿಗೆ ಇದು ಹೊಳೆದೇ ಇರಲಿಲ್ಲ. ಬೇರೆ ಬೂಟಿಗೆ ಕಾಲು ಒಗ್ಗಿಸಿಕೊಳ್ಳಲು ಪುರುಸೊತ್ತೆಲ್ಲಿ? ಮನೆಯಲ್ಲಿ ಕೂಗಾಡಿ ಸಿಲೇಖಾನೆಗೆ ಓಡಿದೆ. ಅವ್ವ ಹಿಂದೆಯೇ ಬಂದಳು. ಮಾಸ್ತರರು ಕೀಲಿ ತೆಗೆದರು, ಆದರೆ ಹೊಸ್ತಿಲಲ್ಲೇ ನಿಂತರು.

"ಮುಟ್ಟಾಕ ನಾ ಒಲ್ಲೆ ನೋಡ್ರಿ ಯಕ್ಕಾ. ಹುಡುಗಿ ಮುಟ್ಟೋದೂ ಬ್ಯಾಡ. ನಾಳಿ ಓಡಾಕಿ ಅಕಿ."

ನಾನು ಒಳಗೆ ಕಾಲಿಡುವಷ್ಟರಲ್ಲಿ ಅವ್ವ ರಟ್ಟೆ ಹಿಡಿದು ಹಿಂದಕ್ಕೆಳೆದಳು. ತಾನೇ ಹೋಗಿ, ಕೈಮುಗಿದು, ಬೂಟು ಎತ್ತಿಕೊಂಡು ಬಂದಳು.

"ದೋಷ ಬಂದ್ರ ನನಗ ಬರ್ಲಿ. ನೀ ನಡಿ, ಬಸ್ ಹೋಗ್ತೈತಿ."

ಕಲಬುರಗಿಯಲ್ಲಿ ಓಟ ದಾಟಿದೆ, ಗುಂಡೂ ದೂರ ಹೋಯಿತು. ಉದ್ದ ಜಿಗಿತಕ್ಕೆ ನಿಂತು ಹಿಂದೆ ನೋಡಿದರೆ ಗೋಡೆಯೇ ಇಲ್ಲ! ಎಷ್ಟು ಬೇಕಾದರೂ ಹಿಂದೆ ಸರಿಯಬಹುದು. ಖುಷಿಯಲ್ಲಿ ದೂರದಿಂದ ಓಡಿಬಂದೆ. ಸಿಲೇಖಾನೆಯ ಅಳತೆಗೆ ಪಳಗಿದ್ದ ಹೆಜ್ಜೆಗಳು ಲೆಕ್ಕ ತಪ್ಪಿ, ಕಾಲು ಪಟ್ಟಿ ದಾಟಿತು, ಆ ಜಿಗಿತ ಲೆಕ್ಕಕ್ಕೆ ಬರಲಿಲ್ಲ. ಮತ್ತೆ ದಾಟಿತು. ಕೊನೆಯ ಸಲವೂ ದಾಟಿತು.

ಮನೆಗೆ ಬಂದಾಗ ಅವ್ವ ನನ್ನ ಮುಖ ನೋಡಿ, "ನನ್ನಿಂದನ ಆತಲ್ಲ?" ಎಂದಳು.

"ಇಲ್ಲವ್ವಾ, ನನ್ನ ಗಡಿಬಿಡಿಯಿಂದ ಆತು" ಎಂದು, ಹೆಜ್ಜೆ ಹೇಗೆ ತಪ್ಪಿತೆಂದು ಅಂಗಳದಲ್ಲಿ ಓಡಿ, ಜಿಗಿದು ತೋರಿಸಿದೆ. ಅವಳು ಅತ್ತ ನೋಡಲೇ ಇಲ್ಲ.

ಈಗ ಉಳಿದಿರುವ ಅವಕಾಶಕ್ಕೆ ತಯಾರಿ ನಡೆದಿದೆ. ಅವ್ವ ದಿನವೂ ಜೊತೆಗೆ ಬರುತ್ತಾಳೆ, ಆದರೆ ಹೊರಗೆ ಬಿಸಿಲಲ್ಲೇ ಕೂರುತ್ತಾಳೆ. ಒಳಗೆ ಕರೆದರೆ, "ನಾ ಇಲ್ಲೇ ಇರ್ತೀನಿ, ನೀ ಓಡು" ಎನ್ನುತ್ತಾಳೆ. ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ಮೊನ್ನೆ ಬೇಕೆಂದೇ ಬೂಟಿನ ದಾರ ಬಿಚ್ಚಿ, ಅವಳ ಮುಂದೆ ಕಾಲು ಚಾಚಿ, "ಕಟ್ಟವ್ವಾ" ಎಂದೆ.

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.